ಹೆಂಡತಿಯ ಮಾತು ಹುಡುಕಿಕೊಂಡು ವಿಲಾಯಿತಿಗೆ

ಕ್ಲೋಸ್‌ಪೇಟೆ

ವಿಲಾಯಿತಿಗೆ ಹೋಗಿಬಂದವರು ಅರಮನೆ, ಸೇತುವೆ, ನೆಲದಡಿಯ ರೈಲು ಎಂದು ಶುರುಮಾಡಿದರೆ ಕೇಳುವವರಿಗೆ ಹಸಿವೇ ಮರೆತುಹೋಗುತ್ತದೆ. ನನ್ನನ್ನು ಅದನ್ನೆಲ್ಲ ಕೇಳಬೇಡಿ. ಅಷ್ಟು ದೊಡ್ಡ ಲಂಡನ್ ಪಟ್ಟಣದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಆಸ್ಪತ್ರೆ, ಒಬ್ಬ ಮುದುಕಿಯ ಅಡುಗೆಮನೆ, ಗಾಜಿನ ಜಾಡಿಯೊಳಗಿನ ಕೆಲವು ಮಿದುಳುಗಳು, ಇಷ್ಟೆ. ಅರಮನೆಯ ಮುಂದೆಯೂ ಒಂದು ಸಲ ಗಾಡಿಯಲ್ಲಿ ಹಾದುಹೋದೆವಂತೆ. ಆಗ ನಾನು ಸೀಟಿನ ಕೆಳಗೆ ಬಿದ್ದ ಕೊಡೆಯನ್ನು ಹುಡುಕುತ್ತಿದ್ದೆ.

ನಮ್ಮದು ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ವ್ಯಾಪಾರ. ಕೈಲಾಂಚದ ಕಡೆಯಿಂದ ಗೂಡು ಕೊಂಡು, ನೂಲು ತೆಗೆಸಿ ಬೆಂಗಳೂರಿಗೆ ಕಳಿಸುತ್ತೇವೆ. ಒಂದು ಬೆಳಿಗ್ಗೆ ನನ್ನಾಕೆ ಒಲೆಯ ಮುಂದೆ ಕೂತು "ಒಸಿ ಅದ ಕೊಡಿ" ಅಂದಳು. ಯಾವುದನ್ನು ಅಂದೆ. "ಅದೇ, ಅದು, ಉರಿಯೋದು" ಅಂದಳು. ಸೌದೆ ಎನ್ನುವ ಮಾತು ಅವಳಿಗೆ ಸಿಗಲಿಲ್ಲ. ಆಮೇಲೆ ಬಲಗೈಯಿಂದ ಚೊಂಬು ಜಾರಿ ಬಿತ್ತು. ನಾನು ಮಹಾ ಬುದ್ಧಿವಂತ, "ನಿದ್ದೆ ಸಾಲದು" ಎಂದು ತೀರ್ಪು ಕೊಟ್ಟು ಅಂಗಡಿಗೆ ಹೊರಟೆ. ಕೆಲವೇ ದಿನಗಳಲ್ಲಿ ಕುಡುಗೋಲು, ಜರಡಿ, ಕೊನೆಗೆ ಅವಳ ತವರು ಕೂಟಗಲ್ಲು ಕೂಡ 'ಅದು' ಆಗಿಬಿಟ್ಟವು.

ಮಾಗಡಿಯಿಂದ ತಾಯಿತ ತಂದೆವು. ಕನಕಪುರದ ನಾಟಿ ವೈದ್ಯ ಬಂದು ಅವಳ ನೆತ್ತಿಗೆ ಸೊಪ್ಪು ಅರೆದು ಮೆತ್ತಿದ. ಸೊಪ್ಪಿನ ವಾಸನೆಗೆ ನನಗೆ ತಲೆನೋವು ಬಂತು, ಅವಳಿಗೆ ಏನೂ ಆಗಲಿಲ್ಲ. ಕಡೆಗೆ ಬೆಂಗಳೂರಿನ ಒಬ್ಬ ದೊಡ್ಡ ಡಾಕ್ಟರು ನೋಡಿ ಬಿಡಿಸಿ ಹೇಳಿದರು. ತಲೆಯ ಎಡಭಾಗದಲ್ಲಿ, ಮಾತು ಹುಟ್ಟುವ ಜಾಗದಲ್ಲಿ ಏನೋ ತೊಂದರೆಯಾಗಿದೆ. ಅದು ರಕ್ತ ಹೆಪ್ಪುಗಟ್ಟಿದ್ದಾದರೆ ತಾನಾಗಿಯೇ ಕರಗುತ್ತದೆ, ಕಳೆದ ಮಾತುಗಳು ಮೆಲ್ಲಗೆ ಮರಳಿ ಬರುತ್ತವೆ, ತಲೆ ಮುಟ್ಟಬಾರದು. ಗಂಟು ಬೆಳೆಯುತ್ತಿದ್ದರೆ ಇರುವ ಮಾತುಗಳೂ ಹೋಗುತ್ತವೆ, ಆಮೇಲೆ ಪ್ರಾಣವೂ ಹೋಗುತ್ತದೆ. ಆಗ ತಲೆ ತೆರೆದು ಅದನ್ನು ತೆಗೆಯಲೇಬೇಕು. ಯಾವುದು ಎಂದು ಅವಳ ಮಾತು ಕೇಳಿ ಹೇಳಬಲ್ಲವರು, ತೆರೆದರೂ ಬದುಕಿಸಬಲ್ಲವರು, ಲಂಡನ್ನಿನಲ್ಲಿದ್ದಾರೆ.

ಹೊರಟೇಬಿಡುತ್ತೇನೆ ಅಂದಾಗ ನಮ್ಮಣ್ಣ ಜಗಲಿಯಲ್ಲಿ ಎಲೆಯಡಿಕೆ ಉಗಿದು ಹೇಳಿದ: "ತಲೆ ಕೆಟ್ಟಿರೋದು ನಿನ್ನ ಹೆಂಡ್ತಿಗಲ್ಲ ಕಣ್ಲಾ, ನಿಂಗೆ. ಬೆಂಗಳೂರಲ್ಲೇ ದಾರಿ ತಪ್ಪಿಸ್ಕೊಂಡು ಬಂದೋನು ನೀನು. ಅಟ್ಟ ಹತ್ತಲಾರದೋನು ಬೆಟ್ಟ ಹತ್ತಾನೇನ್ಲಾ?"

"ಅಲ್ಲಿ ಇಂಗ್ಲಿಷ್ ಮಾತಾಡೋರು ಬೇಕಲ್ಲಣ್ಣ. ನಂಗೆ ಬತ್ತದೆ" ಅಂದೆ. ನನ್ನ ಇಂಗ್ಲಿಷಿನ ಮೇಲೆ ಆಗ ನನಗೆ ಅಪಾರ ನಂಬಿಕೆ. ಬೆಂಗಳೂರು ದಂಡಿನ ಇಂಗ್ಲಿಷ್ ಏಜೆಂಟರ ಹತ್ತಿರ ಚೌಕಾಸಿ ಮಾಡುತ್ತ ಬೆಳೆದ ಇಂಗ್ಲಿಷು ಅದು. ಅದರಲ್ಲಿ ಬೈಯುವುದು, ಹೊಗಳುವುದು, ಸರಕು ಒಳ್ಳೆಯದೆಂದು ಆಣೆಯಿಡುವುದು ಮೂರೂ ಸಲೀಸು. ಮಕ್ಕಳನ್ನು ಅತ್ತಿಗೆಯ ಮಡಿಲಿಗೆ ಹಾಕಿ, ಒಂದು ಮೂಟೆ ರಾಗಿಹಿಟ್ಟು ಕಟ್ಟಿಕೊಂಡು ರೈಲು ಹತ್ತಿದೆವು.

ಸಮುದ್ರ

ಹಡಗಿನ ಊಟದ ಮನೆಯಲ್ಲಿ ಮಾಂಸ ಬೇಡ ಅಂದರೆ ಕೋಳಿ ತಂದಿಟ್ಟರು. ಕೋಳಿಯೂ ಬೇಡ ಅಂದರೆ ಮೀನು ತಂದರು. ಮೀನೂ ಬೇಡ ಅಂದಾಗ ಪಾಪ, ಇವರು ಕಾಯಿಲೆಯವರು ಎಂದುಕೊಂಡು ಗಂಜಿ ಕೊಟ್ಟರು. ಏಡನ್ ಬಂದರು ಮುಟ್ಟುವವರೆಗೂ ನಾವು ಗಂಜಿ ಕುಡಿದೇ ಬದುಕಿದೆವು.

ನನ್ನಾಕೆ ದಿನಾ ಬೆಳಿಗ್ಗೆ ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಹಾಸಿಗೆಯ ಮೇಲೆ ಪೂಜೆಗೆ ಕೂರುವಳು. ಹಡಗು ಬಲಕ್ಕೆ ವಾಲಿದರೆ ಅವಳು ಎಡಕ್ಕೆ ವಾಲುವಳು. ಒಂದು ದಿನ ಕಿವಿಗೊಟ್ಟು ಕೇಳುತ್ತೇನೆ, ಚಿಕ್ಕಂದಿನಿಂದ ಬಾಯಿಪಾಠವಾದ ಮಂತ್ರವನ್ನು ಒಂದಕ್ಷರ ತೊದಲದೆ ಹೇಳುತ್ತಿದ್ದಾಳೆ! ನನಗೆ ಸಂತೋಷ ತಡೆಯಲಾಗಲಿಲ್ಲ. ವಾಸಿಯಾಗಿಬಿಟ್ಟಿತು, ಏಡನ್ನಿನಲ್ಲೇ ಇಳಿದು ಊರಿಗೆ ವಾಪಸು ಹೋಗೋಣ ಅಂದೆ. ಅವಳು ನನ್ನ ಮುಖ ನೋಡಿ, "ಮೊದ್ಲು ಅದ ಕೊಡಿ, ಅದ, ಬೆಳ್ಳಗಿರೋದ" ಎಂದು ವಿಭೂತಿ ಗಟ್ಟಿಯ ಕಡೆ ಬೆರಳು ಮಾಡಿದಳು. ನಾನು ತೆಪ್ಪಗೆ ತೆಗೆದುಕೊಟ್ಟೆ.

ಇನ್ನೊಂದು ದಿನ ಗಂಟೆ ಬಾರಿಸಿ ಎಲ್ಲರನ್ನೂ ಮೇಲಕ್ಕೆ ಕರೆದರು. ಹಡಗು ಮುಳುಗಿದರೆ ಏನು ಮಾಡಬೇಕೆಂದು ಕಲಿಸುವುದಕ್ಕಂತೆ. ಬರೀ ಕಲಿಸುವುದಕ್ಕೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನು ರಾಗಿಹಿಟ್ಟಿನ ಮೂಟೆಯನ್ನು ಹೆಗಲ ಮೇಲೆ ಹೊತ್ತು, ಮೆಟ್ಟಿಲಲ್ಲಿ ಇಬ್ಬರನ್ನು ನೂಕಿ ಮೇಲಕ್ಕೆ ಓಡಿದೆ. ಹೆಂಡತಿ ನೆನಪಾದದ್ದು ಮೇಲೆ ಬಂದ ಮೇಲೆ. ಅವಳು ಸೆರಗು ಸರಿಮಾಡಿಕೊಂಡು ಸಾವಧಾನವಾಗಿ ಹಿಂದೆಯೇ ಬಂದಳು. ಮೂಟೆಯನ್ನೂ ನನ್ನನ್ನೂ ನೋಡಿ, ಕಾಯಿಲೆ ಬಿದ್ದ ಮೇಲೆ ಮೊದಲನೆಯ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮುದುಕಿಯ ಅಡುಗೆಮನೆ

ಲಂಡನ್ನಿನಲ್ಲಿ ಒಬ್ಬ ವಿಧವೆ ಮುದುಕಿಯ ಮನೆಯಲ್ಲಿ ಮಹಡಿ ಕೋಣೆ ಹಿಡಿದೆವು. ಅಲ್ಲಿಯ ಜನ ಮಳೆ ಬರುತ್ತಿದ್ದರೆ ಮಳೆ ಬರುತ್ತಿದೆ ಅನ್ನುತ್ತಾರೆ, ನಿಂತರೆ ನಿಂತಿತು ಅನ್ನುತ್ತಾರೆ. ಇಬ್ಬರಿಗೂ ಕಣ್ಣು ನೆಟ್ಟಗಿದ್ದರೂ ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ತೃಪ್ತಿಪಡುತ್ತಾರೆ. ಅವರ ಕಾಲನ್ನು ನಾವು ತುಳಿದರೆ ಅವರೇ ಕ್ಷಮಿಸಿ ಅನ್ನುತ್ತಾರೆ. ನಮ್ಮ ಚನ್ನಪಟ್ಟಣದ ಸಂತೆಯಲ್ಲಿ ಯಾರದಾದರೂ ಕಾಲು ತುಳಿದು ನೋಡಿ, ನಿಮ್ಮ ಮೂರು ತಲೆಮಾರಿನವರ ನೆನಪು ಮಾಡಿಕೊಡುತ್ತಾರೆ. ಮೊದಲ ವಾರ ನಾನು ಬೇಕೆಂದೇ ಒಬ್ಬಿಬ್ಬರ ಕಾಲು ತುಳಿದು ಪರೀಕ್ಷೆ ಮಾಡಿದೆ. ನಿಜವಾಗಿಯೂ ಕ್ಷಮಿಸಿ ಅಂದರು.

ನನ್ನಾಕೆಯ ಬಲಗೈ ಸೋತಿದ್ದರಿಂದ ಮುದ್ದೆ ತಿರುವುವ ಕೆಲಸ ನನ್ನದಾಯಿತು. ನಾನು ತಿರುವಿದ ಮುದ್ದೆಯಲ್ಲಿ ಹಸಿಹಿಟ್ಟಿನ ಗಂಟುಗಳು ನಮ್ಮ ಬೆಟ್ಟದ ಬಂಡೆಗಳ ಹಾಗೆ ಎದ್ದು ಕಾಣುತ್ತಿದ್ದವು. ಮುದುಕಿ ಒಂದು ದಿನ ಆಸೆಪಟ್ಟು ಕೇಳಿದಳು, ಕೊಟ್ಟೆ. ಚಾಕುವಿನಲ್ಲಿ ಕತ್ತರಿಸಿ ಬಾಯಿಗಿಟ್ಟು ಅಗಿಯತೊಡಗಿದಳು. ಅಗಿಯಬಾರದು, ನುಂಗಬೇಕು ಅಂದೆ. ಅವಳು ಗಾಬರಿಯಾಗಿ ಇನ್ನೂ ಜೋರಾಗಿ ಅಗಿದಳು. ಹಲ್ಲಿನ ಸೆಟ್ಟೇ ಮುದ್ದೆಗೆ ಅಂಟಿಕೊಂಡು ಈಚೆ ಬಂತು. ಆದರೂ ಆಕೆಯೇ ಕ್ಷಮಿಸಿ ಅಂದಳು.

ಆಸ್ಪತ್ರೆ

ನರರೋಗಗಳಿಗೆಂದೇ ಇದ್ದ ಆಸ್ಪತ್ರೆ ಅದು. ಡಾಕ್ಟರು ನೀಳ ಆಳು, ಮೆಲುದನಿ. ಅವರು ನನ್ನ ಹೆಸರನ್ನು ಒತ್ತಬಾರದ ಕಡೆ ಒತ್ತಿ, ನಿಲ್ಲಬಾರದ ಕಡೆ ನಿಂತು ಕೂಗುತ್ತಿದ್ದರು. ಅದು ನನ್ನದೇ ಹೆಸರೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಅವರು ಒಂದು ತಟ್ಟೆಯಲ್ಲಿ ಸಾಮಾನುಗಳನ್ನಿಟ್ಟುಕೊಂಡು, ಒಂದೊಂದನ್ನೇ ಎತ್ತಿ ತೋರಿಸಿ ಇದೇನು ಎಂದು ಕೇಳುವರು. ನಾನು ದುಭಾಷಿ. ಮೊದಲು ಲೋಟ. ನನ್ನಾಕೆ "ಅದು... ನೀರು... ಕುಡ್ಯೋದು" ಅಂದಳು. ನಾನು "ಇದು ಕುಡಿಯುವ ಲೋಟ, ಮಹಾಶಯರೆ, ಒಳ್ಳೆಯ ಗಾಜಿನದು ಎನ್ನುತ್ತಾಳೆ" ಅಂದೆ. ಆಮೇಲೆ ಬೀಗದ ಕೈ. "ಬಾಗ್ಲುದ್ದು... ಅದು" ಅಂದಳು. ನಾನು "ಬೀಗದ ಕೈ, ನಮ್ಮಲ್ಲಿಯೂ ಇಂಥವಿವೆ" ಅಂದೆ. ಊಟದ ಮುಳ್ಳುಚಮಚ ತೋರಿಸಿದರು. "ಯಾರ್ದೋ ಬಾಚಣಿಗೆ" ಅಂದಳು. ನಾನು ಧೈರ್ಯವಾಗಿ "ಫೋರ್ಕ್" ಅಂದೆ.

ಡಾಕ್ಟರು ತಲೆದೂಗುತ್ತ ಬರೆದುಕೊಂಡರು. ನನಗೆ ಒಳಗೊಳಗೇ ಹೆಮ್ಮೆ, ಪರೀಕ್ಷೆಯಲ್ಲಿ ನಾನೇ ಪಾಸಾದ ಹಾಗೆ. ಮನೆಯ ಕೊರತೆಯನ್ನು ಹೊರಗಿನವರ ಮುಂದೆ ಬಿಚ್ಚಿಡುವುದು ನಮ್ಮ ಜಾಯಮಾನವಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಿವುಡಿ ಮಗಳನ್ನು "ಒಸಿ ಸಂಕೋಚದ ಹುಡುಗಿ" ಎಂದು ಕೂರಿಸುವ ಜನ ನಾವು. ಕಾಯಿಲೆ ತೋರಿಸುವುದಕ್ಕೆಂದೇ ಸಮುದ್ರ ದಾಟಿ ಬಂದಿದ್ದೇನೆ ಎನ್ನುವುದು ಆ ಹೊತ್ತಿಗೆ ನನಗೆ ಪೂರ್ತಿ ಮರೆತುಹೋಗಿತ್ತು.

"ಮಾತಿಗೆ ಏನೂ ತೊಂದರೆಯಿಲ್ಲವಲ್ಲ, ಇಷ್ಟು ದೂರ ಯಾಕೆ ಬಂದಿರಿ?" ಎಂದು ಡಾಕ್ಟರು ಕೇಳಿದರು.

ಅಷ್ಟರಲ್ಲಿ ನನ್ನಾಕೆ ನನ್ನ ಕೋಟು ಹಿಡಿದು ಜಗ್ಗಿದಳು. "ಏನೂಂದ್ರೆ, ನಾನು ಎಲ್ಡು ಮಾತು ಹೇಳಿದ್ರೆ ನೀವು ಅರ್ಧ ಮೈಲಿ ಹೇಳ್ತಾ ಇವ್ರಿ. ನಂಗೆ... ನಂಗೆ ಬರ್ದೇ ಇರೋದ ಬತ್ತದೆ ಅಂತ ಹೇಳ್ಬುಟ್ರಾ?"

ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಆದರೆ ಗಂಡನನ್ನು ಹೆಂಡತಿ ಹಿಡಿದುಹಾಕಿದ್ದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. "ಆಕೆ ಏನಂದಳು? ಇದ್ದದ್ದು ಇದ್ದ ಹಾಗೆ ಹೇಳಿ" ಅಂದರು. ಬೆವರುತ್ತ ಹೇಳಿದೆ. ಅವರು ಬರೆದದ್ದನ್ನೆಲ್ಲ ಉದ್ದಕ್ಕೆ ಒಂದು ಗೆರೆಯೆಳೆದು ಹೊಡೆದುಹಾಕಿದರು. "ಕಾಯಿಲೆ ನಿಮಗಲ್ಲ, ಆಕೆಗೆ. ನನಗೆ ಆಕೆಯ ಮುರಿದ ಮಾತು ಮುರಿದ ಹಾಗೆಯೇ ಬೇಕು. ನೀವು ರಿಪೇರಿ ಮಾಡಿದರೆ ನಾನು ತಪ್ಪು ಜಾಗದಲ್ಲಿ ತಲೆ ತೆರೆಯುತ್ತೇನೆ" ಅಂದರು.

ಜಾಡಿಗಳ ಕೋಣೆ

ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ದಿನವೂ ಅದೇ ತಟ್ಟೆ, ಅವೇ ಸಾಮಾನು. ನಾನು ಗಿಳಿಯ ಹಾಗೆ ಅವಳು ಅಂದದ್ದನ್ನಷ್ಟೇ ಅಂದೆ. ಹೀಗಿರುವಾಗ ಒಂದು ಮಧ್ಯಾಹ್ನ ಡಾಕ್ಟರಿಗೆ ನನ್ನ ಮೇಲೆ ಕರುಣೆ ಬಂತೋ ಏನೋ, ಮಿದುಳುಗಳನ್ನಿಟ್ಟಿರುವ ಕೋಣೆಗೆ ಕರೆದೊಯ್ದರು.

ಮಾತು ಕಳೆದುಕೊಂಡು ತೀರಿಹೋದ ಯಾರದೋ ಮಿದುಳು ಒಂದು ಜಾಡಿಯಲ್ಲಿತ್ತು. ಎಡಗಡೆ, ಕಣತಲೆಗೆ ಒಸಿ ಹಿಂದೆ, ಬೆರಳೂರುವಷ್ಟು ತಗ್ಗು. "ಬಲಗೈ ಬಳಸುವವರಲ್ಲಿ ಮಾತಿನ ಮನೆ ಸಾಮಾನ್ಯವಾಗಿ ಈ ಸುತ್ತಮುತ್ತ" ಅಂದರು. ಬಲಗೈಯನ್ನು ಆಡಿಸುವುದೂ ಎಡಮಿದುಳೇ ಅಂತೆ, ಅದಕ್ಕೇ ನನ್ನಾಕೆಗೆ ಮಾತೂ ಕೈಯೂ ಒಟ್ಟಿಗೆ ಸೋತದ್ದು. ಬಾಯಿಪಾಠದ ಮಂತ್ರ ಮಾತ್ರ ಬರುತ್ತದಲ್ಲ ಎಂದು ಕೇಳಿದೆ. ಹಾಡು, ಪ್ರಾರ್ಥನೆ, ಬೈಗುಳ ಇವು ಎಷ್ಟೋ ರೋಗಿಗಳಲ್ಲಿ ಉಳಿದುಕೊಳ್ಳುತ್ತವೆ, ಯೋಚಿಸಿ ಆರಿಸಿ ಆಡುವ ಮಾತೇ ಬೇರೆ ಅಂದರು. ನಾನು ಆ ತಗ್ಗನ್ನೇ ನೋಡುತ್ತ ನಿಂತೆ. ಅವಳು ಗೂಡು ಮಾರಲು ಬಂದವರನ್ನು ನಗಿಸುತ್ತಿದ್ದದ್ದು, ನನ್ನನ್ನು ಬೈಯುತ್ತಿದ್ದದ್ದು, ಮಕ್ಕಳಿಗೆ ಹೇಳುತ್ತಿದ್ದ ಕಥೆ, ಎಲ್ಲ ಇಷ್ಟು ಜಾಗದಲ್ಲಿತ್ತೇ ಎಂದು ಜಾಡಿಯ ಗಾಜಿನ ಮೇಲೆ ಬೆರಳಿಟ್ಟು ಅಳೆದೆ.

ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಎಳೆಗಳು ಕಪ್ಪಗೆ ಕಾಣಲೆಂದು ಮಿದುಳನ್ನು ಬೆಳ್ಳಿಯ ಉಪ್ಪಿನ ನೀರಿನಲ್ಲಿ ನೆನೆಸಿ, ಈರುಳ್ಳಿ ಪೊರೆಗಿಂತ ತೆಳುವಾಗಿ ಸೀಳಿ ಇಟ್ಟಿದ್ದರು. ನಾನು ಕಣ್ಣಿಟ್ಟು, "ಆಹಾ, ಎಷ್ಟು ಕಪ್ಪು ಕೂದಲು!" ಎಂದು ಉದ್ಗರಿಸಿದೆ. ಅದು ನನ್ನ ರೆಪ್ಪೆ ಎಂದು ಡಾಕ್ಟರು ತಿಳಿಸಿಕೊಟ್ಟರು. ಮತ್ತೆ ನೋಡಿದೆ. ಹಳದಿ ನೆಲದ ಮೇಲೆ ಕಪ್ಪಗೆ, ಬೇರುಸಮೇತ ಕಿತ್ತಿಟ್ಟ ಹಿಪ್ಪುನೇರಳೆ ಗಿಡಗಳ ಹಾಗೆ ಏನೇನೋ ಕಂಡವು. ಒಂದೊಂದೂ ಒಂದು ನರಕೋಶವಂತೆ. ಇವೆಲ್ಲ ಬಲೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ಕೆಲವು ಪಂಡಿತರು, ಇಲ್ಲ, ಪ್ರತಿಯೊಂದೂ ಬೇರೆಬೇರೆ, ತೀರ ಹತ್ತಿರ ಬಂದು ಮುಟ್ಟದೆ ನಿಲ್ಲುತ್ತವೆ ಎಂದು ಇನ್ನು ಕೆಲವರು ಜಗಳವಾಡುತ್ತಿದ್ದರಂತೆ. ಡಾಕ್ಟರು ಎರಡನೆಯ ಪಕ್ಷ.

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಮೂವತ್ತು ವರ್ಷ ರೇಷ್ಮೆ ನೋಡಿದವನೆಂಬ ಗತ್ತಿನಲ್ಲಿ ತೀರ್ಪು ಕೊಟ್ಟೆ: "ಬಲೆಯೇ ಇರಬೇಕು. ಎಳೆ ಕಡಿದರೆ ನೂಲು ಎಲ್ಲಿಯದು? ನಡುವೆ ಸಂದಿಯಿದ್ದರೆ ಸುದ್ದಿ ಹೇಗೆ ದಾಟುತ್ತದೆ?"

"ಅದು ನಮಗಿನ್ನೂ ಸರಿಯಾಗಿ ಗೊತ್ತಿಲ್ಲ" ಅಂದರು ಡಾಕ್ಟರು.

ಅಷ್ಟು ಓದಿದವರು ಗೊತ್ತಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿದ್ದು ಕೇಳಿ ನಾನು ದಂಗಾದೆ. ನಮ್ಮ ಕಡೆ ಗೊತ್ತಿಲ್ಲ ಅಂದವನ ಹತ್ತಿರ ತಾಯಿತವನ್ನೂ ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ಸಂಜೆ ಇದನ್ನೆಲ್ಲ ನನ್ನಾಕೆಗೆ ಹೇಳಿದೆ. ಕೋತಿಯ ಮಿದುಳಿಗೆ ವಿದ್ಯುತ್ತಿನ ತಂತಿ ಮುಟ್ಟಿಸಿದರೆ ಅದರ ಹೆಬ್ಬೆರಳು ಅಲ್ಲಾಡುತ್ತದಂತೆ ಅಂದೆ. "ಪಾಪ, ಕೋತಿ ಏನ್ ತಪ್ಪು ಮಾಡಿತ್ತು?" ಅಂದಳು. ಕೋತಿ ಎನ್ನುವ ಮಾತು ತಡೆಯಿಲ್ಲದೆ ಬಂದಿತ್ತು. ನಾನು ಅದನ್ನು ಗಮನಿಸಿದ್ದು ಮುದುಕಿಯ ಮನೆಯ ಮೆಟ್ಟಿಲು ಹತ್ತುವಾಗ.

ಹೆಸರು

ನಿಜಕ್ಕೂ ಮಾತುಗಳು ಮರಳುತ್ತಿದ್ದವು. ಲೋಟ ಬಂತು, ಬೀಗದ ಕೈ ಬಂತು. ಮುಳ್ಳುಚಮಚ ಮಾತ್ರ ಬಾಚಣಿಗೆಯಾಗಿಯೇ ಉಳಿಯಿತು, ಅದು ಕಾಯಿಲೆಯಲ್ಲವೆಂದು ಡಾಕ್ಟರೂ ಒಪ್ಪಿದರು. ಇನ್ನು ಜನರ ಹೆಸರು ಕೇಳೋಣ ಅಂದರು. ಅವಳು ಅಪ್ಪನ ಹೆಸರು ಹೇಳಿದಳು, ತಾಯಿಯ ಹೆಸರು, ಮಕ್ಕಳ ಹೆಸರು, ಎಮ್ಮೆಯ ಹೆಸರೂ ಹೇಳಿದಳು.

"ಗಂಡನ ಹೆಸರು?" ಎಂದರು.

ಅವಳು ತಲೆ ತಗ್ಗಿಸಿದಳು. ಮುಖ ಕೆಂಪಾಯಿತು. ತುಟಿ ಅಲುಗಿತು, ಮಾತು ಬರಲಿಲ್ಲ. ಡಾಕ್ಟರು ಮತ್ತೆ ಕೇಳಿದರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಡಾಕ್ಟರು ಹುಬ್ಬು ಗಂಟಿಕ್ಕಿದರು. ಎಲ್ಲರಿಗಿಂತ ಹತ್ತಿರದವನ ಹೆಸರೇ ಜಾರಿಹೋಗಿದೆ, ಹೇಳಲು ಎಷ್ಟು ಒದ್ದಾಡುತ್ತಾಳೆ ನೋಡಿ, ಒಂದು ಕಡೆ ಮಾತು ಬರುತ್ತಿದ್ದರೂ ಇನ್ನೊಂದು ಕಡೆ ಹೋಗುತ್ತಿದೆ, ಗಂಟೇ ಇರಬೇಕು, ಕಾಯುವುದು ಅಪಾಯ ಅಂದರು.

ನಾನು ಎದ್ದು ನಿಂತು ಕೈಮುಗಿದು ಹೇಳಿದೆ. ಇದು ಕಾಯಿಲೆಯಲ್ಲ, ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಬಾರದು. ಡಾಕ್ಟರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಗೂಡಿಗೆ ನೀರು ಚಿಮುಕಿಸಿ ತೂಕಕ್ಕೆ ತಂದವನನ್ನು ನಾನು ನೋಡುವುದು ಹಾಗೆಯೇ. "ಲೋಟವನ್ನು ಒಳ್ಳೆಯ ಗಾಜಿನದು ಅಂದವರು ನೀವೇ ಅಲ್ಲವೆ?" ಅಂದರು. ಬೇಕಾದ ಕಡೆ ನಂಬಿಕೆಯಿಲ್ಲದ ಹಾಗೆ ಮಾಡಿಕೊಂಡವನು ನಾನೇ.

ಮರುದಿನ ತಲೆ ತೆರೆಯುವುದೆಂದು ಗೊತ್ತಾಯಿತು. ದಾದಿ ಕ್ಷೌರದ ಕತ್ತಿ, ಬಿಸಿನೀರಿನ ಬೋಗುಣಿ ತಂದಿಟ್ಟಳು. ಅದನ್ನು ಕಂಡು ನನ್ನಾಕೆ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಗಂಡ ಸತ್ರೂ ನಮ್ಮೋರಲ್ಲಿ ತಲೆ ಬೋಳ್ಸಕಿಲ್ಲ. ನೀವು ಕಣ್ಮುಂದೆ ಇರೋವಾಗ್ಲೇ ಬೋಳಿಸ್ತಾರಾ?" ಎಂದು ಅತ್ತಳು.

"ಒಂದೇ ಒಂದು ಸಲ ಹೇಳ್ಬುಡು, ಎಲ್ಲ ನಿಂತೋಯ್ತದೆ" ಅಂದೆ.

"ಹೇಳಿದ್ರೆ ನಿಮ್ಮ ಆಯಸ್ಸು ಕಮ್ಮಿ ಆಯ್ತದೆ. ನನ್ನ ತಲೆ ಸೀಳ್ಕೊಳ್ಳಲಿ, ನಂಗೆ ನಿಮ್ಮ ಆಯಸ್ಸು ಬೇಕು."

"ನೀನಿಲ್ದೇ ಇರೋ ಆಯಸ್ಸ ಮಡಿಕ್ಕೊಂಡು ನಾನೇನೇ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?" ಎಂದು ಕೂಗಿಬಿಟ್ಟೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನನ್ನ ದನಿ ಒಡೆದಿತ್ತು, ಮೂಗು ಸೋರುತ್ತಿತ್ತು. ಜನರ ಮುಂದೆ ಅತ್ತವನಲ್ಲ ನಾನು. ಅವತ್ತು ಆ ಪರದೇಶದ ಜನರ ಮುಂದೆ ಮಗುವಿನ ಹಾಗೆ ಅತ್ತೆ.

ಗಲಾಟೆ ಕೇಳಿ ಡಾಕ್ಟರು ಬಂದರು. ನನ್ನಾಕೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಗೋಡೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಸಿದ್ದಲಿಂಗಪ್ಪ."

ಒಂದಕ್ಷರ ತೊದಲಲಿಲ್ಲ, ತಡವರಿಸಲಿಲ್ಲ. ಅಭ್ಯಾಸಬಲದಿಂದ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಏನೂ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇಷ್ಟು ದಿನ ಅದೇ ಹೆಸರನ್ನು ಮುರಿದು ಮುಕ್ಕಾಗಿಸಿ ಕೂಗುತ್ತಿದ್ದ ಡಾಕ್ಟರು, ಅದನ್ನು ಮೊದಲ ಸಲ ನೆಟ್ಟಗೆ ಕೇಳಿ, ಅವಳ ಹಿಂದೆಯೇ ಮೆಲ್ಲಗೆ ಹೇಳಿನೋಡಿದರು. ಆಮೇಲೆ ದಾದಿಗೆ ಕತ್ತಿಯನ್ನೂ ಬೋಗುಣಿಯನ್ನೂ ತೆಗೆದುಕೊಂಡು ಹೋಗು ಅಂದರು. ಕಾಯೋಣ, ಹೆಪ್ಪು ಕರಗುತ್ತಿದೆ ಅಂದರು.

ಮರಳಿ ಹಡಗು

ತಿಂಗಳೊಪ್ಪತ್ತು ನೋಡಿ ನಮ್ಮನ್ನು ಊರಿಗೆ ಕಳಿಸಿಕೊಟ್ಟರು. ನನ್ನಾಕೆಗೆ ಬಲಗೈಯಲ್ಲಿ ಒಸಿ ಸೋಲು ಉಳಿದಿತ್ತು, ಅಷ್ಟೆ. ಅವಳ ಬಾಯಿ ಮೊದಲಿನ ಹಾಗೆಯೇ ಆಗಿತ್ತು, ಬೈಗುಳಕ್ಕೂ ಬರವಿರಲಿಲ್ಲ.

ಆದರೆ ಹಡಗಿನಲ್ಲಿ ನನ್ನ ಪಾಡು ಬೇರೆಯಾಯಿತು. ಹಡಗಿನಂಚಿನ ಕಟಕಟೆಯ ಹತ್ತಿರ ನಿಲ್ಲಬಾರದು, ಗಾಳಿಗೆ ಹೋಗಬಾರದು. ಸೀನಿದರೆ ಹಣೆ ಮುಟ್ಟಿ ನೋಡುವಳು, ಕೆಮ್ಮಿದರೆ ಕಂಬಳಿ ಹೊದಿಸುವಳು. ಊಟ ಸೇರಲಿಲ್ಲವೆಂದರೆ ಮುಖ ಸಪ್ಪಗಾಗುವುದು. ಎಲ್ಲರೂ ರೋಗಿ ನಾನೇ ಎಂದುಕೊಂಡಿದ್ದರು. ಬೊಂಬಾಯಿ ಇನ್ನು ಒಂದೆರಡು ದಿನವಿದೆ ಎನ್ನುವಾಗ ಬಿಸಿಲಿಗೆ ಕೂತಿದ್ದೆ. ಅವಳು ಬಂದು ಪಕ್ಕದಲ್ಲಿ ಕೂತಳು.

"ಯಾಕಿಂಗೆ ಕಾಯ್ತಾ ಇದ್ದೀಯ? ನಂಗೇನಾಗೈತೆ?" ಎಂದು ರೇಗಿದೆ.

ಸಮುದ್ರ ನೋಡುತ್ತ ಹೇಳಿದಳು: "ನಿಮ್ಮ ಆಯಸ್ಸಲ್ಲಿ ಒಸಿ ನಾನು ತಿಂದ್ಬುಟ್ಟಿವ್ನಿ. ಎಷ್ಟು ಅಂತ ನಂಗೂ ತಿಳೀದು. ನಂದ್ರಲ್ಲಿ ಒಸಿ ತಕ್ಕಳಿ."

ಚೌಕಾಸಿ ಮಾಡದೆ ನಾನು ಈ ಜನ್ಮದಲ್ಲಿ ಏನನ್ನೂ ತೆಗೆದುಕೊಂಡವನಲ್ಲ. ಅವತ್ತು ಮಾತಾಡದೆ ಕೈಯೊಡ್ಡಿದೆ.